ಅರ್ಜಿದಾರನ ಹೆಸರು

ಸಿಡ್ನಿಯ ಕನ್ನಡದವರು ನನಗೊಂದು ಅಡ್ಡಹೆಸರು ಇಟ್ಟಿದಾರೆ, ವಂಶವೃಕ್ಷ ದಿವಾಕರ ಅಂತ. ಎರಡು ತಿಂಗಳಿಗೊಮ್ಮೆ ಕ್ವೇಕರ್ಸ್ ಹಿಲ್‌ನ ಕಮ್ಯುನಿಟಿ ಹಾಲಲ್ಲಿ ನಿಂತು, ಹಳೇ ದಾಖಲೆ ಹುಡುಕೋದು ಹೇಗೆ ಅಂತ ಭಾಷಣ ಬಿಗೀತೀನಿ. ಜನನ ಮರಣದ ರಿಜಿಸ್ಟರು, ಮದುವೆ ಸರ್ಟಿಫಿಕೇಟು, ಸ್ಮಶಾನದ ಪುಸ್ತಕ, ಯಾವ್ದು ಯಾವ ಆಫೀಸಲ್ಲಿ ಸಿಗತ್ತೆ ಅಂತ ಕೇಳಿ, ನಿದ್ದೇಲೂ ಹೇಳ್ತೀನಿ. ನಮ್ಮ ವಂಶದ ಏಳು ತಲೆ ಬರೆದಿಟ್ಟಿದೀನಿ. ಇಷ್ಟೆಲ್ಲ ಜಂಬ ಕೊಚ್ಚೋ ನಾನು ಒಂದೇ ಒಂದು ದಾಖಲೆ ಮಾತ್ರ ಇಪ್ಪತ್ತೊಂದು ವರ್ಷ ತೆಗೆದು ನೋಡಿರಲಿಲ್ಲ. ಯಾಕೆ ಅಂದ್ರೆ ಅದರಲ್ಲಿ ನನ್ನ ಹೆಸರಿತ್ತು.

ಹೋದ ಜುಲೈನ ಒಂದು ಶನಿವಾರ ಬೆಳಿಗ್ಗೆ ಫೋನ್ ಬಂತು. ನಾನು ದೋಸೆ ಹುಯ್ತಿದ್ದೆ.

"ದಿವಾಕರ್ ಅಂಕಲ್ ಏನ್ರಿ? ನಾನು ಆದ್ಯಾ ಅಂತ, ಮೆಲ್ಬರ್ನ್‌ದಿಂದ, ವೆರಿಬೀದಾಗ ಇರ್ತೀನಿ. ಈರಯ್ಯ ಹಿರೇಮಠ ನಮ್ಮ ಕಾಕಾ. ಕ್ಲೇಟನ್‌ದಾಗ ನೀವು ಅವರ ರೂಮ್‌ಮೇಟ್ ಇದ್ರಂತಲ್ರಿ?"

ದೋಸೆ ಸೀದು ಹೋಯ್ತು. ಹೂಂ ಅಂದೆ.

ಹುಡುಗಿ ಪಾಪ ಒಂದೇ ಉಸಿರಿಗೆ ಹೇಳಿದಳು. ಅವಳ ಅಜ್ಜಿ ಗಿರಿಜವ್ವ, ಅಂದ್ರೆ ಈರಯ್ಯನ ತಾಯಿ, ವಿಸಿಟರ್ ವೀಸಾ ಮೇಲೆ ಬಂದಿದಾರೆ. ಎಂಬತ್ತೊಂದು ವಯಸ್ಸು. ಬರೋ ಮೊದಲೇ ಕರಾರು ಹಾಕಿದಾರಂತೆ: ನನಗ ಬೀಚು ಗೀಚು ಬ್ಯಾಡ, ಮಗನ ಸಮಾಧಿ ತೋರಿಸು, ಒಂದು ಹಿಡಿ ಮಣ್ಣು ನರಗುಂದಕ್ಕ ಒಯ್ದು ಅವರಪ್ಪನ ಗದ್ದಿಗಿ ಬಾಜೂಕ ಹಾಕ್ತೀನಿ. ಆದ್ಯಾ ಮೆಲ್ಬರ್ನ್‌ನ ಸ್ಮಶಾನಗಳ ವೆಬ್‌ಸೈಟೆಲ್ಲ ಜಾಲಾಡಿದಾಳೆ. ಹೂಳಿದವರ ಪಟ್ಟಿಯಲ್ಲಿ ಕಾಕಾನ ಹೆಸರು ಎಲ್ಲೂ ಇಲ್ಲ.

"ಒಂದು ಕಡೆ ಮಾತ್ರ, ರೆಕಾರ್ಡ್ ಅದ, ಆದ್ರ ಅರ್ಜಿಗೆ ಸೈನ್ ಮಾಡಿದವರಿಗಷ್ಟ ಡೀಟೇಲ್ಸ್ ಕೊಡ್ತೀವಿ ಅಂದ್ರು. ಸೈನ್ ಮಾಡಿದವರು ನೀವ ಏನ್ರಿ ಅಂಕಲ್?"

"ನಾನೇ ಇರಬೇಕಮ್ಮ. ನೋಡ್ತೀನಿ," ಅಂದೆ. ಇರಬೇಕಂತೆ! ಎಂಥ ಮಾತು.

ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದೋವಾಗ ಈರಯ್ಯನೂ ನಾನೂ ಒಂದೇ ರೂಮಲ್ಲಿ ಒಂದೂವರೆ ವರ್ಷ ಇದ್ವಿ. ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ಬಿಚ್ಚಿ, ಇಷ್ಟಲಿಂಗ ಎಡಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತ್ಕೊಳೋನು. ಬಸ್ಸು ತಪ್ಪಿದ್ರೂ ಸರಿ, ಪೂಜೆ ಆಗೋವರೆಗೆ ಒಂದು ಗುಟುಕು ನೀರೂ ಕುಡೀತಿರಲಿಲ್ಲ. "ಲೋ, ನಿನ್ನ ಲಿಂಗಕ್ಕೂ ಲೆಕ್ಚರ್‌ಗೆ ಅಟೆಂಡೆನ್ಸ್ ಇದೆಯೇನೋ?" ಅಂತ ರೇಗಿಸ್ತಿದ್ದೆ. ನಗೋನು. ಒಳ್ಳೇ ಜೀವ. ನನ್ನ ಪಾತ್ರೆಯನ್ನೂ ತೊಳೆದಿಡೋನು.

2004ರ ಜುಲೈನಲ್ಲಿ ಅವನ ಮೆದುಳಲ್ಲಿ ರಕ್ತಸ್ರಾವ ಆಯ್ತು. ಎರಡೇ ದಿನ, ಹೋಗಿಬಿಟ್ಟ. ಅವನಿಗೆ ಇಪ್ಪತ್ತಾರು, ನನಗೆ ಇಪ್ಪತ್ತೈದು. ದೇಹ ಊರಿಗೆ ತರಿಸೋದು ಮನೆಯವರ ಕೈಲಿ ಆಗೋ ಮಾತಲ್ಲ. ಅವನ ಅಣ್ಣ ಫೋನಲ್ಲಿ ಅಳ್ತಾ, "ನೀವ ಅವನ ಅಣ್ಣ ತಮ್ಮ ಅಂತ ತಿಳಕೊಂಡು ಎಲ್ಲಾ ಮಾಡ್ರಿ," ಅಂದ. ಶವಸಂಸ್ಕಾರದ ಆಫೀಸಲ್ಲಿ ಒಬ್ಬ ಹೆಂಗಸು ಫಾರಂ ಮುಂದಿಟ್ಟಳು. ಧರ್ಮ? ಹಿಂದೂ. ಹೂಳೋದಾ, ಸುಡೋದಾ? ಪೆನ್ನು ಎತ್ತದೆ, ಸುಡೋದು ಅಂತ ಟಿಕ್ ಹಾಕಿ ಸೈನ್ ಮಾಡ್ದೆ. ನಮ್ಮಲ್ಲಿ ಸುಡ್ತಾರೆ, ಇನ್ನೇನು ಕೇಳೋದು ಅಂತ.

ನನಗೆ ಗೊತ್ತಿರಲಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳ್ಕೊಂಡು ಬಂದೆ. ಹಸೀ ಸುಳ್ಳು. ಒಂದ್ಸಲ ಈರಯ್ಯನೇ ಹೇಳಿದ್ದ, ಅವರಪ್ಪನ್ನ ಹೊಲದಲ್ಲಿ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ ತುಂಬಿ ಮಣ್ಣು ಕೊಟ್ವಿ ಅಂತ. ಕೇಳಿದ್ದೆ, ಮರೆತಿದ್ದೆ. ಒಂದು ಫೋನ್ ಮಾಡಿ ಕೇಳಿದ್ರೆ ಮುಗೀತಿತ್ತು. ಸೋಮವಾರ ನನಗೆ ಪರೀಕ್ಷೆ ಇತ್ತು. ಬೇಗ ಮುಗಿದ್ರೆ ಸಾಕಾಗಿತ್ತು ನನಗೆ. ಥೂ.

ಸುಟ್ಟ ಮಾರನೇ ದಿನ ಗಿರಿಜವ್ವ ಫೋನಿಗೆ ಬಂದರು. ಅಳು ಇರಲಿಲ್ಲ. "ತಮ್ಮಾ, ಕುಂದ್ರಿಸಿ ಮಣ್ಣು ಕೊಟ್ರಿಲ್ಲೋ?"

"ಕೊಟ್ವಿ ಅಮ್ಮ."

"ಲಿಂಗ ಎಡಗೈಯಾಗ ಇಟ್ಟೀರಿ?"

"ಇಟ್ಟೆ ಅಮ್ಮ."

ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟಿದ್ದ ಆ ಕರಡಿಗೆ, ನಾನು ಆ ಮಾತು ಹೇಳುವಾಗ ನನ್ನ ಪ್ಯಾಂಟಿನ ಜೇಬಲ್ಲೇ ಇತ್ತು. "ನಿನ್ನ ಹೊಟ್ಟಿ ತಣ್ಣಗಿರಲಿ," ಅಂತ ಹರಸಿ ಫೋನಿಟ್ಟರು. ಆಮೇಲೆ ಕಳಿಸೋದಾದ್ರೂ ಹೇಗೆ? ಕೈಯಲ್ಲಿಟ್ಟೆ ಅಂದಾಗಿತ್ತಲ್ಲ. ತಿಂಗಳೊಳಗೆ ಸಿಡ್ನಿಯಲ್ಲಿ ಕೆಲಸ ಸಿಕ್ತು, ಗಂಟುಮೂಟೆ ಕಟ್ಟಿದೆ. ಬೂದಿ ತಗೊಳ್ಳೋಕೂ ಹೋಗಲಿಲ್ಲ. ಕರಡಿಗೆ ಮನೆಯಿಂದ ಮನೆಗೆ ಬಂದು, ಕೊನೆಗೆ ಗ್ಯಾರೇಜಿನ ಡ್ರಾಯರ್‌ನಲ್ಲಿ ಸ್ಕ್ರೂಡ್ರೈವರ್, ಹಳೇ ಬ್ಯಾಟರಿಗಳ ಜೊತೆ ಬಿತ್ತು.

ಸೋಮವಾರ ಸ್ಮಶಾನದ ಆಫೀಸಿಗೆ ಫೋನ್ ಮಾಡಿ, ಗುರುತಿನ ಪತ್ರ ಕಳಿಸಿದೆ. ಮಧ್ಯಾಹ್ನ ಇಮೇಲ್ ಬಂತು. ಸ್ಕ್ಯಾನ್ ಮಾಡಿದ ಒಂದು ಪುಟ. ದಹನ. ಅರ್ಜಿದಾರ: ದಿವಾಕರ. ಸಂಬಂಧ: ಸ್ನೇಹಿತ. ಬೂದಿ: ಯಾರೂ ಪಡೆದಿಲ್ಲ. ಅರ್ಜಿದಾರನಿಗೆ ಎರಡು ಪತ್ರ ಕಳಿಸಲಾಗಿದೆ, ಎರಡೂ ವಾಪಸ್. ಒಂದು ವರ್ಷ ಕಾದು, ಹದಿನಾಲ್ಕನೇ ಗುಲಾಬಿ ಪಾತಿಯ ಮಣ್ಣಿಗೆ ಸೇರಿಸಲಾಗಿದೆ.

ಸಂಬಂಧ: ಸ್ನೇಹಿತ. ಆ ಸಾಲು ಓದಿ ಮೈ ಉರೀತು.

ಆಮೇಲೆ ಕಳ್ಳಬುದ್ಧಿ ಎದ್ದು ಕೂತಿತು. ಮಣ್ಣು ಇದೆಯಲ್ಲ! ನನ್ನ ಅಸಡ್ಡೆಯಿಂದಲೇ ಅವನು ಮಣ್ಣು ಸೇರಿದಾನೆ. ಆದ್ಯಾ ಇಮೇಲ್ ನೋಡಿಲ್ಲ. ಜಾಗ ತೋರಿಸಿ, ಕಲ್ಲು ಹಾಕಿಸೋಕೆ ಆಗಿರಲಿಲ್ಲ ಅಮ್ಮ ಅಂದ್ರೆ ಆಯ್ತು. ಅಜ್ಜಿ ಒಂದು ಹಿಡಿ ಮಣ್ಣು ಕಟ್ಟಿಕೊಂಡು ನೆಮ್ಮದಿಯಾಗಿ ಊರಿಗೆ ಹೋಗ್ತಾರೆ. ಯಾರಿಗೇನು ನಷ್ಟ?

ಹೆಂಡತಿ ಅಪರ್ಣಳಿಗೆ ಎಲ್ಲಾ ಹೇಳಿ, ಹೀಗೆ ಮಾಡಿದ್ರೆ ಹೇಗೆ ಅಂತ ಕೇಳ್ದೆ. ಅವಳು ಗ್ಯಾರೇಜಿಗೆ ಹೋಗಿ ಕರಡಿಗೆ ತಂದು ಟೇಬಲ್ ಮೇಲಿಟ್ಟಳು. ಬೆಳ್ಳಿ ಕಪ್ಪಾಗಿತ್ತು. "ಇದನ್ನ ಏನು ಮಾಡ್ತೀರಿ?" ಅಂದಳು.

ಆದ್ಯಾಗೆ, ಜಾಗ ಸಿಕ್ಕಿದೆ, ನಾನೇ ಬರ್ತೀನಿ ಅಂತಷ್ಟೇ ಹೇಳ್ದೆ. ಶನಿವಾರ ವಿಮಾನ ಹತ್ತಿದೆ. ಸೆಕ್ಯುರಿಟಿಯವನು ಜೇಬಲ್ಲಿರೋದೆಲ್ಲ ಟ್ರೇನಲ್ಲಿ ಹಾಕು ಅಂದ. ಬೆಲ್ಟು, ಬೀಗದ ಕೈ, ಈರಯ್ಯನ ಲಿಂಗ. ಮತ್ತದೇ ಡ್ರಾಯರು ಅನ್ನಿಸಿತು.

ಕ್ಲೇಟನ್ ಹತ್ತಿರದ ಆ ಸ್ಮಶಾನದ ಗೇಟಿನಲ್ಲಿ ಇಬ್ಬರೂ ಕಾಯ್ತಿದ್ರು. ಗಿರಿಜವ್ವ ಇಷ್ಟೇ ಇಷ್ಟು ಎತ್ತರ. ಇಳಕಲ್ ಸೀರೆ, ಮೇಲೆ ಮೊಮ್ಮಗಳ ದಪ್ಪ ಜಾಕೆಟ್ಟು, ಹಣೆ ತುಂಬ ವಿಭೂತಿ. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ನನ್ನ ಮಗನಿಗೆ ಮಣ್ಣು ಕೊಟ್ಟ ಕೈ ಇವು," ಅಂದರು. ಅಯ್ಯೋ, ಆ ಕೈ ಕಿತ್ತುಕೊಂಡು ಓಡಿಬಿಡೋಣ ಅನ್ನಿಸಿತು ನನಗೆ.

ಗುಲಾಬಿ ಗಿಡಗಳನ್ನ ಚಳಿಗಾಲಕ್ಕೆ ಅಂತ ಕತ್ತರಿಸಿದ್ರು, ಬರೀ ಕಡ್ಡಿ. ಹದಿನಾಲ್ಕನೇ ಪಾತಿ ತೋರಿಸಿದೆ. ಆದ್ಯಾ ಕೆಳಗೆ ಟವೆಲ್ ಹಾಸಿದಳು. ಗಿರಿಜವ್ವ ಕೂತು, ಚೀಲದಿಂದ ವಿಭೂತಿ ಉಂಡೆ, ನೀರಿನ ಬಾಟಲಿ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತೆಗೆದರು. "ಬಿಲ್ವಪತ್ರಿ ಏರ್‌ಪೋರ್ಟ್‌ದಾಗ ಕಸಗೊಂಡ್ರು, ಅವರ ಬಾಯಾಗ ಮಣ್ಣು ಹಾಕ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಾರಿ ಯಾವ ಕಡೆ ಮಾಡಿ ಕುಂದ್ರಿಸೀರಿ, ತಮ್ಮಾ? ನಾ ಅವನ ಎದುರಿಗೆ ಕುಂದ್ರಬೇಕಲ್ಲ."

ಪೂರ್ವ ಅಂದಿದ್ರೆ ಮುಗೀತಿತ್ತು. ನಾಲಿಗೆ ತುದೀಲೇ ಇತ್ತು. ಎಂಬತ್ತೊಂದು ವರ್ಷದ ಹೆಂಗಸು ನನ್ನ ಸುಳ್ಳಿನ ಎದುರಿಗೆ ಸರಿದು ಕೂರೋಕೆ ತಯಾರಾಗಿದ್ರು. ಅವರ ಪಕ್ಕ ಮಣ್ಣಲ್ಲೇ ಕೂತೆ.

"ಕೂರಿಸಲಿಲ್ಲ ಅಮ್ಮ. ಸುಟ್ಟುಬಿಟ್ಟೆ. ಯಾರನ್ನೂ ಕೇಳಲಿಲ್ಲ. ನಿಮ್ಮ ಹತ್ತಿರ ಸುಳ್ಳು ಹೇಳ್ದೆ. ಬೂದಿನೂ ತಗೊಳ್ಳಲಿಲ್ಲ, ಇಲ್ಲಿಯವರೇ ಈ ಮಣ್ಣಿಗೆ ಸೇರಿಸಿದಾರೆ," ಅಂದೆ. ಜೇಬಿಂದ ಕರಡಿಗೆ ತೆಗೆದು ಟವೆಲ್ ಮೇಲಿಟ್ಟೆ.

ಆದ್ಯಾ, "ಅಂಕಲ್, ವಾಟ್?" ಅಂದಳು.

ಗಿರಿಜವ್ವ ಬೈತಾರೆ, ಶಾಪ ಹಾಕ್ತಾರೆ ಅಂತ ತಲೆ ತಗ್ಗಿಸಿ ಕಾದೆ. ಹಾಕಲಿ ಅಂತಲೇ ಕಾದೆ. ಅವರು ಕರಡಿಗೆ ತೆಗೆದುಕೊಂಡು, ಸೆರಗಲ್ಲಿ ಒರೆಸಿ, ಮುಚ್ಚಳ ತೆಗೆದರು.

"ಇದಕ್ಕ ದಿನಾ ನೀರು ಹಾಕ್ತಿದ್ದೇನು?"

"ಇಲ್ಲ ಅಮ್ಮ."

"ಒಂದು ದಿನಾನೂ?"

"ಒಂದು ದಿನವೂ ಇಲ್ಲ."

ಆ ಪಾತಿಯ ಕಡೆ ನೋಡಿ ನಿಧಾನಕ್ಕೆ ಹೇಳಿದರು: "ಹಂಗಾರ ನನ್ನ ಮಗ ಇಪ್ಪತ್ತೊಂದು ವರ್ಷ ಉಪವಾಸ ಅದಾನ."

ನನಗೆ ಅಳು ತಡೀಲಿಲ್ಲ. ಕಾಲು ಹಿಡಿಯೋಕೆ ಬಗ್ಗಿದೆ. ಅವರು ನನ್ನ ತಲೆಯನ್ನ ಪಕ್ಕಕ್ಕೆ ದೂಕಿದರು, ಗಟ್ಟಿಯಾಗೇ.

"ನಿನ್ನ ಮ್ಯಾಲಿನ ಸಿಟ್ಟು ಆಮ್ಯಾಲ. ಅದು ಇಷ್ಟಕ್ಕ ಹೋಗೂದಲ್ಲ. ಮೊದಲು ಇವನಿಗೆ ನೀರು."

ಬಾಟಲಿಯ ಮುಚ್ಚಳ ಬಿಚ್ಚಿದರು. ಲಿಂಗ ಹಿಡ್ಕೊಳ್ಳೋಕೆ ಆದ್ಯಾ ಕೈ ಚಾಚಿದಳು. ಗಿರಿಜವ್ವ ತಲೆ ಅಲ್ಲಾಡಿಸಿ ನನ್ನ ಕಡೆ ನೋಡಿದರು.

"ಎಡಗೈ ಒಡ್ಡು. ಆವತ್ತು ಇಟ್ಟೆ ಅಂದಿದ್ದಿಯಲ್ಲ, ಇವತ್ತು ಹಿಡಿ."

ಎಡಗೈ ಒಡ್ಡಿದೆ. ನೀರು ತಣ್ಣಗಿತ್ತು.