ವಿಶಾಲಾಕ್ಷಿಯ ಎಡಗಾಲು ಮತ್ತು ನಾನು

ನಾನು ಒಂದು ಕ್ರೇಪ್ ಬ್ಯಾಂಡೇಜು. ಹತ್ತಿಯ ನೂಲಿನ ನಡುವೆ ರಬ್ಬರಿನ ಎಳೆ ಸೇರಿಸಿ ನನ್ನನ್ನು ನೇಯ್ದರು. ಎಳೆದರೆ ಉದ್ದವಾಗುವುದು, ಬಿಟ್ಟರೆ ಮುದುಡುವುದು, ಇಷ್ಟೇ ನಾನು ಕಲಿತ ವಿದ್ಯೆ. ಡಬ್ಬಿಯ ಮೇಲೆ ಚರ್ಮದ ಬಣ್ಣ ಎಂದು ಬರೆದಿದ್ದರು. ಆ ಬಣ್ಣದ ಚರ್ಮದವರನ್ನು ನಾನಂತೂ ಗದಗಿನಲ್ಲಿ ಇದುವರೆಗೆ ಕಂಡಿಲ್ಲ.

ಔಷಧಿ ಅಂಗಡಿಯಿಂದ ನನ್ನನ್ನು ತಂದದ್ದು ಬಸಲಿಂಗವ್ವನೆಂಬ ಮುದುಕಿಯ ಮೊಣಕಾಲಿಗೆ. ಆಕೆ ನಾಲ್ಕು ದಿನ ಕಟ್ಟಿಕೊಂಡು, "ಇದರಿಂದ ಮೊಣಕಾಲಿಗೆ ಉಸರು ಕಟ್ಟತೈತಿ" ಎಂದು ಬಿಚ್ಚಿ ಟ್ರಂಕಿನ ಮೇಲೆ ಒಗೆದಳು. ಮೊಣಕಾಲು ಮೂಗಿನಲ್ಲಿ ಉಸಿರಾಡುತ್ತದೆಯೇ? ನನಗೆ ಬೇಸರವಾಯಿತು. ನನ್ನ ತುದಿಯನ್ನು ಕಚ್ಚಿ ಹಿಡಿಯುವ ಹಲ್ಲಿನ ಕ್ಲಿಪ್ಪು ಕಳೆದದ್ದೂ ಅಂದೇ.

ಆಮೇಲೆ ನಾನು ಸೊಸೆ ವಿಶಾಲಾಕ್ಷಿಯ ಪಾಲಿಗೆ ಬಂದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಆಕೆ ನಲವತ್ತು ದಾಟಿದ ಮೇಲೆ ಓಡಲು ಶುರುಮಾಡಿದವಳು. ಹಿಂದಿನ ವರ್ಷ ಕೆರೆ ದಂಡೆಯ ಓಟದಲ್ಲಿ ಅರ್ಧಕ್ಕೇ ಸುಸ್ತಾಗಿ, ಓಡಲಾಗದವರನ್ನು ಹತ್ತಿಸಿಕೊಳ್ಳಲು ಹಿಂದೆ ಬರುವ ಟೆಂಪೋದಲ್ಲಿ ನೀರಿನ ಕ್ಯಾನುಗಳ ಜೊತೆ ಕೂತು ಬಂದಿದ್ದಳಂತೆ. ಅವಳದೇ ಶಾಲೆಯ ಹುಡುಗಿಯರು ದಾರಿಯುದ್ದಕ್ಕೂ ನಿಂತು ನೋಡಿದ್ದರು. ಈ ಸಲ ಏನಾದರಾಗಲಿ, ಆ ಟೆಂಪೋ ಹತ್ತಬಾರದು ಎಂಬುದೊಂದೇ ಅವಳ ಹಟ. ಓಟಕ್ಕೆ ಇನ್ನೊಂದು ತಿಂಗಳಿರುವಾಗ, ಬೆಳಗಿನ ಓಟದಲ್ಲಿ ಗಟಾರದ ಕಲ್ಲಿನ ಮೇಲೆ ಎಡಗಾಲು ಹೊರಳಿತು.

"ಸಣ್ಣ ಉಳುಕು. ಎಡಗಾಲಿನ ಮ್ಯಾಲೆ ಭಾರ ಹಾಕಬ್ಯಾಡ್ರಿ, ತಾನ ಹೋಗತೈತಿ," ಎಂದರು ಡಾಕ್ಟರು. ವಿಶಾಲಾಕ್ಷಿ ನನ್ನನ್ನು ಸುತ್ತಿ, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಚುಚ್ಚಿದಳು. ಓಡುವುದನ್ನು ಪೂರ್ತಿ ಬಿಟ್ಟಳು. ಶಾಲೆಯಲ್ಲಿ ಕೂತೇ ಪಾಠ ಮಾಡಿದಳು. ಆದರೂ ಬಾವು ಇಳಿಯಲಿಲ್ಲ.

"ನೀವು ಕದ್ದು ಓಡಾಕತ್ತೀರಿ. ಖರೇ ಹೇಳ್ರಿ," ಎಂದು ಡಾಕ್ಟರು ಗದರಿದರು.

"ಇಲ್ರೀ, ಒಂದ ಹೆಜ್ಜೀನೂ ಓಡಿಲ್ರೀ," ಎಂದು ಆಕೆ ಅಳುಮೋರೆ ಮಾಡಿದಳು. ಅದು ನಿಜ. ಕಾರಣ ನನಗೆ ಗೊತ್ತಿತ್ತು, ಆದರೆ ಬಟ್ಟೆಗೆ ಬಾಯೆಲ್ಲಿ?

ವಿಶಾಲಾಕ್ಷಿ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಬಲಗಾಲಿನಿಂದ ನೀವಿದರೆ ಹಿಡಿದ ಸೊಂಟ ಬಿಡುತ್ತದೆಂದು ಓಣಿಯ ಜನರ ನಂಬಿಕೆ. ಬಿಂದಿಗೆ ಎತ್ತಿದವರು, ಗಾದಿ ಝಾಡಿಸಿದವರು, ಸೊಂಟ ಹಿಡಿದುಕೊಂಡು ಇವರ ಮನೆಗೇ ಬರುತ್ತಿದ್ದರು. ಸೊಸೆಯ ಕಾಲಿನ ಗುಣ ಹೇಳಿ ಕರೆತರುತ್ತಿದ್ದವಳು ಬಸಲಿಂಗವ್ವನೇ. ಬಂದವರು ಚಾಪೆಯ ಮೇಲೆ ಬೋರಲು ಮಲಗುತ್ತಿದ್ದರು. ವಿಶಾಲಾಕ್ಷಿ ಗೋಡೆ ಹಿಡಿದು ನಿಂತು ಬಲಗಾಲಿನಿಂದ ನೀವುತ್ತಿದ್ದಳು. ಬಲಗಾಲು ಮೇಲೆದ್ದರೆ ಮೈಭಾರವೆಲ್ಲ ಎಲ್ಲಿಗೆ? ಎಡಗಾಲಿಗೆ. ನಾನು ಹರಿಯುವಷ್ಟು ಹಿಗ್ಗುತ್ತಿದ್ದೆ. ಗಣಿತದ ಟೀಚರಿಗೇ ಈ ಲೆಕ್ಕ ಹೊಳೆಯಲಿಲ್ಲ, ಏಕೆಂದರೆ ಇದು ಅವಳಿಗೆ ಕೆಲಸವೆಂದೇ ಅನಿಸಿರಲಿಲ್ಲ.

ಒಂದು ಸಂಜೆ ಹಿಂದಿನ ಮನೆಯ ಶಾವಂತ್ರಕ್ಕ ಚಾಪೆಯಿಂದ ಎದ್ದು ಹೋದಳು. ಸೊಸೆ ಕೆಳಗೆ ಕೂತು, ನನ್ನನ್ನು ಬಿಚ್ಚಿ, ಊದಿದ ಕಾಲಿನ ಹರಡು ಹಿಡಿದು ಸದ್ದಿಲ್ಲದೆ ಅತ್ತಳು. ಬಸಲಿಂಗವ್ವ ಅದನ್ನು ನೋಡಿದಳು. ಗೋಡೆ ನೋಡಿದಳು, ಚಾಪೆ ನೋಡಿದಳು. ಆಮೇಲೆ ಚಾಪೆ ಸುತ್ತಿ ಮಂಚದ ಕೆಳಗೆ ದಬ್ಬಿದಳು.

ಮರುದಿನದಿಂದ ಆಕೆ ಬಾಗಿಲಲ್ಲೇ ಕೂತಳು. "ಈಗ ಆಗಂಗಿಲ್ಲ. ಓಟ ಮುಗದ ಮ್ಯಾಲೆ ಬರ್ರಿ," ಎಂದು ಬಂದವರನ್ನೆಲ್ಲ ತಿರುಗಿ ಕಳಿಸಿದಳು. ಬಾವು ಇಳಿಯಿತು. ವಿಶಾಲಾಕ್ಷಿ ಮೊದಲು ನಡೆದಳು, ಆಮೇಲೆ ಮೆಲ್ಲಗೆ ಓಡಿದಳು. ನನಗೂ ಜೀವ ಬಂದಂತಾಯಿತು.

ಓಟಕ್ಕೆ ಎರಡು ದಿನವಿರುವಾಗ ಹಿಟ್ಟಿನ ಡಬ್ಬಿ ಎತ್ತಲು ಬಗ್ಗಿದ ಬಸಲಿಂಗವ್ವನ ಸೊಂಟವೇ ಹಿಡಿಯಿತು. ಸೊಸೆ ಓಡಿಬಂದು ಚಾಪೆ ಎಳೆದಳು.

"ಮಲಗ್ರಿ ಅತ್ತೀ, ನೀವತೀನಿ."

"ಬ್ಯಾಡ," ಎಂದಳು ಮುದುಕಿ, ಹಲ್ಲು ಕಚ್ಚಿಕೊಂಡು. "ಈಗ ನಿನ್ನ ಕಾಲು ನಿನಗ ಬೇಕು."

ಎರಡು ದಿನ ಆಕೆ ಗೋಡೆ ಹಿಡಿದೇ ಓಡಾಡಿದಳು. ಒಮ್ಮೆಯೂ ಅಯ್ಯೋ ಎನ್ನಲಿಲ್ಲ. ನನ್ನನ್ನು ಟ್ರಂಕಿನ ಮೇಲೆ ಒಗೆದವಳ ಮೇಲಿದ್ದ ಸಿಟ್ಟು ನನಗೆ ಆಗಲೇ ಹೋಯಿತು.

ಓಟದ ದಿನ ಅರ್ಧ ದಾರಿಯಲ್ಲಿ ಹರಡು ಚುಳುಕ್ ಎಂದಿತು. ಹಿಂದೆ ಅದೇ ಟೆಂಪೋ ಬಂತು. ಡ್ರೈವರ್ "ಹತ್ತರಿ ಅಕ್ಕಾರ" ಎಂದ. ವಿಶಾಲಾಕ್ಷಿ ಅವನತ್ತ ತಿರುಗಿಯೂ ನೋಡಲಿಲ್ಲ. ನಾನು ನನ್ನ ಶಕ್ತಿಯನ್ನೆಲ್ಲ ಹಾಕಿ ಹಿಡಿದುಕೊಂಡೆ. ಓಡಿದಳು, ನಡೆದಳು, ಮತ್ತೆ ಓಡಿದಳು. ಶಾಮಿಯಾನ ಬಿಚ್ಚುತ್ತಿದ್ದ ಹೊತ್ತಿಗೆ ಗೆರೆ ದಾಟಿದಳು. ಹುಡುಗಿಯರು ಕಿರುಚಿದ್ದೇ ಕಿರುಚಿದ್ದು.

ಮನೆಗೆ ಬಂದರೆ ಚಾಪೆ ಹಾಸಿತ್ತು. ಅದರ ಮೇಲೆ ಬಸಲಿಂಗವ್ವ ಬೋರಲಾಗಿ ಮಲಗಿದ್ದಳು.

"ಮುಗೀತಿಲ್ಲೋ? ಟೆಂಪೋ ಹತ್ತಲಿಲ್ಲ ಹೌದಿಲ್ಲೋ?"

"ಇಲ್ರೀ ಅತ್ತೀ."

"ಹಂಗಾರ ಈಗ ನನ್ನ ಸೊಂಟ ನೀವು. ಕುರ್ಚಿ ಇಟ್ಟೀನಿ ನೋಡು, ಕುಂತ ನೀವು."

ಈಗ ನನ್ನಲ್ಲಿ ಬಿಗಿಯಿಲ್ಲ. ರಬ್ಬರಿನ ಎಳೆಗಳು ಸತ್ತಿವೆ. ಆ ಕುರ್ಚಿಯ ಅಲುಗಾಡುವ ಕಾಲಿಗೆ ನನ್ನನ್ನು ಸುತ್ತಿ ಕಟ್ಟಿದ್ದಾರೆ. ಚಾಪೆಯ ಪಕ್ಕದಲ್ಲೇ ಇರುತ್ತೇನೆ. ಸೊಂಟ ಹಿಡಿದವರು ಈಗಲೂ ಬರುತ್ತಾರೆ. ಬಸಲಿಂಗವ್ವ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಮೊದಲು ಒಳಗೆ ಕೂಗುತ್ತಾಳೆ:

"ವಿಶಾಲೀ, ನಾಳೆ ಓಡೋದೈತೇನವ್ವಾ?"