ನನ್ನೊಳಗಿದ್ದ ಮೂವತ್ತೊಂದು ಪಾಠ

ನಾನು ಅಂಗೈಯಷ್ಟು ಅಗಲದ ಒಂದು ಹಾರ್ಡ್ ಡಿಸ್ಕ್. ಹುಟ್ಟಿದ ಕಾರ್ಖಾನೆ ಯಾವ ದೇಶದ್ದೋ ನೆನಪಿಲ್ಲ. ಕಣ್ಣು ಬಿಟ್ಟಿದ್ದು ಹುಬ್ಬಳ್ಳಿಯಲ್ಲಿ, ಮದುವೆಯ ವಿಡಿಯೊ ತೆಗೆಯುವ ಪ್ರಭಾಕರ ಕಾಮತರು ಡಬ್ಬಿ ಬಿಚ್ಚಿದಾಗ. ಅವರು ನನ್ನಲ್ಲಿ ಮದುವೆ ತುಂಬಿಸುತ್ತಿದ್ದರು, ಬೀಗರು ಸಿ.ಡಿ. ಒಯ್ದ ಮೇಲೆ ಅಳಿಸುತ್ತಿದ್ದರು. ಅಲ್ಲಿ ಕಲಿತದ್ದು ಒಂದೇ: ಅಳಿಸಿದ್ದು ಕೂಡಲೇ ಹೋಗುವುದಿಲ್ಲ. ಹೆಸರು ಮಾತ್ರ ಹೋಗುತ್ತದೆ. ಇನ್ನೊಂದು ಮದುವೆ ಬಂದು ಮೇಲೆ ಕೂರುವವರೆಗೆ ಹಳೆಯದು ಅಡಿಯಲ್ಲಿ ಸುಮ್ಮನೆ ಮಲಗಿರುತ್ತದೆ.

ಕಾಮತರು ಆ ಕೆಲಸ ಬಿಟ್ಟಾಗ ನನ್ನನ್ನು ಗದಗಿನ ಒಂದು ಗ್ರಂಥಾಲಯಕ್ಕೆ ಕೊಟ್ಟರು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವ ಜಾಗ. ಅಲ್ಲಿ ಮೂರು ಕಂಪ್ಯೂಟರುಗಳಿದ್ದವು. ಒಂದು ರೆಕಾರ್ಡಿಂಗ್ ಕೋಣೆಯಲ್ಲಿ, ಒಂದು ಕೇಳುಗರ ಕೋಣೆಯಲ್ಲಿ, ಮತ್ತೊಂದು ಇವನ್ನೆಲ್ಲ ನೋಡಿಕೊಳ್ಳುವ ದಾವಲಸಾಬ ನದಾಫರ ಮೇಜಿನ ಮೇಲೆ. ನನ್ನನ್ನು ದಾವಲಸಾಬರ ಕಂಪ್ಯೂಟರಿಗೆ ಸಿಕ್ಕಿಸಿದರು.

ಆ ವರ್ಷ ಅಂಬವ್ವ ಎಂಬ ಹೆಣ್ಣುಮಗಳು ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಕೂರುವವಳಿದ್ದಳು. ಹುಟ್ಟಿನಿಂದ ಕಣ್ಣಿಲ್ಲ. ವಯಸ್ಸಿನ ಮಿತಿ ಮುಗಿಯುತ್ತ ಬಂದಿತ್ತು, ಅದೇ ಕೊನೆಯ ಅವಕಾಶ. ಅವಳಿಗಾಗಿ ಮೂವತ್ತೊಂದು ಪಾಠ ಹೇಳಿದವರು ನಿವೃತ್ತ ಶಿಕ್ಷಕಿ ಕಮಲಾಕ್ಷಿ. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಅವರು ಪುಸ್ತಕ ಓದಿದ್ದಲ್ಲ. ಭೂಪಟ, ಚಿತ್ರ, ರೇಖಾಗಣಿತದ ಆಕೃತಿಗಳನ್ನೆಲ್ಲ ಕಾಣದವರಿಗೆ ತಿಳಿಯುವಂತೆ ಬಾಯಲ್ಲೇ ಬಿಡಿಸಿ ಹೇಳಿದ್ದು. ಒಂದು ಸಾಲನ್ನೂ ಬರೆದಿಟ್ಟುಕೊಂಡಿರಲಿಲ್ಲ. ಗಂಟಲಲ್ಲಿ ಗಡ್ಡೆಯಾಗಿತ್ತು. ಆಪರೇಷನ್ ಆದ ಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಮೂವತ್ತೊಂದನೆಯ ಪಾಠ ಮುಗಿಸಿದರು.

ಆಗೆಲ್ಲ ಪಾಠಗಳು ಪೆನ್ ಡ್ರೈವಿನಲ್ಲಿ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದವು. ತಿದ್ದಿದ್ದು ಯಾವುದು, ತಿದ್ದದೆ ಬಿಟ್ಟದ್ದು ಯಾವುದು ತಿಳಿಯದೆ ಅಂಬವ್ವ ಮೂರು ದಿನ ತಪ್ಪು ಪಾಠ ಕೇಳಿದ್ದಳು. ಇದಕ್ಕೊಂದು ತಂತ್ರಾಂಶ ಬೇಕೆಂದು ದಾವಲಸಾಬರು ಎರಡನ್ನು ಆರಿಸಿ ತಂದರು. ಒಂದು, ದಿನಕ್ಕೊಮ್ಮೆ ಪ್ರತಿ ತೆಗೆದು, ಹಳೆಯ ಪ್ರತಿಗಳನ್ನೂ ಇಟ್ಟುಕೊಳ್ಳುವುದು. ಇನ್ನೊಂದು, ಒಂದು ಕಡೆ ಆದ ಬದಲಾವಣೆಯನ್ನು ಆ ಕ್ಷಣವೇ ಎಲ್ಲ ಕಡೆ ಮಾಡುವುದು.

"ಎರಡನೇದ ಛಲೋ ಐತಿ," ಎಂದರು ಗ್ರಂಥಾಲಯದ ಕಾರ್ಯದರ್ಶಿ ಚೆನ್ನವೀರಯ್ಯನವರು. "ಒಂದ ಕಡೆ ತಿದ್ದಿದ್ರ ನಾಕೂ ಕಡೆ ತಿದ್ದತೈತಿ. ಮತ್ತೇನ ಬೇಕ?"

"ಅಳಿಸಿದ್ದನ್ನ ಒಂದ ತಿಂಗಳಾ ಬ್ಯಾರೆ ಕಡೆ ಇಡ್ಲೇನು ಅಂತ ಕೇಳಾಕತ್ತೈತ್ರಿ," ಎಂದರು ದಾವಲಸಾಬರು ಪರದೆ ನೋಡುತ್ತ.

"ಕಸಾ ಗುಡಿಸಿ ಮೂಲ್ಯಾಗ ಕೂಡಿಡ್ತಾರೇನ್ರೀ ಯಾರರ? ನಿಮ್ಮನ್ಯಾಗ ಹಂಗ ಮಾಡ್ತೀರೇನು? ಬ್ಯಾಡ ಅನ್ರಿ."

ದಾವಲಸಾಬರು ಅರೆಗಳಿಗೆ ತಡೆದು, ಬೇಡ ಎಂಬುದನ್ನು ಒತ್ತಿದರು. ಮೂರು ಕಂಪ್ಯೂಟರುಗಳ ಜೊತೆ ನಾನೂ ಸೇರಿ ನಾಲ್ಕು ಪ್ರತಿ ಇವೆಯೆಂದು ಎಲ್ಲರಿಗೂ ಧೈರ್ಯ ಬಂತು. ಒಬ್ಬನೇ ಮನುಷ್ಯ ನಾಲ್ಕು ಕನ್ನಡಿಯ ಮುಂದೆ ನಿಂತರೆ ನಾಲ್ಕು ಜನ ಆಗುವುದಿಲ್ಲ. ಆದರೆ ಅದನ್ನು ಹೇಳಲು ನನಗೆ ಬಾಯಿಲ್ಲ.

ಕೇಳಿ ಮುಗಿಸಿದ ಪಾಠವನ್ನು ಅಳಿಸಿಬಿಡುವುದು ಅಲ್ಲಿನ ಕೇಳುಗರ ರೂಢಿ. ಪಟ್ಟಿಯ ಮೇಲೆ ಕಣ್ಣಾಡಿಸಲಾಗದವರಿಗೆ, ಫೋಲ್ಡರ್ ತೆರೆದೊಡನೆ ಕಂಪ್ಯೂಟರಿನ ದನಿ ಮೊದಲು ಉಚ್ಚರಿಸುವ ಹೆಸರೇ ಮುಂದಿನ ಪಾಠವಾಗಿದ್ದರೆ ಅನುಕೂಲ. ಪೆನ್ ಡ್ರೈವ್ ಅವರವರದೇ ಆಗಿದ್ದ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಹಾಗೆ ಮಾಡಬಾರದೆಂದು ಹೇಳಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ದಾವಲಸಾಬರಿಗೆ ಕಣ್ಣಿತ್ತು, ಅವರಿಗೆ ಆ ರೂಢಿಯೇ ಗೊತ್ತಿರಲಿಲ್ಲ.

ಅಂಬವ್ವ ದಿನಕ್ಕೊಂದು ಪಾಠ ಕೇಳಿದಳು. ಒಂದೊಂದನ್ನೂ ಎರಡು ಸಲ. ಆಮೇಲೆ, ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ಉಳಿಯದಂತೆ, ಶಿಫ್ಟ್ ಹಿಡಿದು ಡಿಲೀಟ್ ಒತ್ತಿದಳು. ಅವಳಿಗೆ ಹಾಗೆಯೇ ಕಲಿಸಿದ್ದರು. ಎಲ್ಲ ಮುಗಿದ ಮೇಲೆ ದಾವಲಸಾಬರಿಂದ ಮತ್ತೆ ಹಾಕಿಸಿಕೊಂಡು ಮೊದಲಿನಿಂದ ಮನನ ಮಾಡುವುದು ಅವಳ ಯೋಚನೆ.

ಅವಳು ಅಲ್ಲಿ ಅಳಿಸಿದಂತೆಲ್ಲ ಇಲ್ಲಿ ನನ್ನ ಮೈಯಿಂದಲೂ ಪಾಠಗಳು ಕಳಚುತ್ತಿದ್ದವು. ಮೊದಲನೆಯದು ಹೋಯಿತು, ಎರಡನೆಯದು ಹೋಯಿತು. ಅವಳು ಎಷ್ಟು ಶ್ರದ್ಧೆಯಿಂದ ಓದಿದಳೋ ಅಷ್ಟು ಬೇಗ ನಾನು ಬರಿದಾದೆ. ಒಂದು ದಿನ ಅವಳು ಜ್ವರದಿಂದ ಬರಲಿಲ್ಲ. ಜ್ವರ ಇನ್ನೆರಡು ದಿನ ಇರಲಿ ಎಂದು ಬೇಡಿಕೊಂಡೆ. ಮರುದಿನವೇ ಬಂದಳು. ಅಳಿಸಿದ್ದೆಲ್ಲ ಅಡಿಯಲ್ಲಿ ಮಲಗಿದೆಯಲ್ಲ ಎಂಬುದೊಂದೇ ಸಮಾಧಾನ. ಅಷ್ಟರಲ್ಲಿ ರೆಕಾರ್ಡಿಂಗ್ ಕೋಣೆಯಲ್ಲಿ ಯಾರೋ ದಪ್ಪ ಕಾದಂಬರಿಯೊಂದನ್ನು ಓದಲು ಶುರು ಮಾಡಿದರು. ಅದರ ಅಧ್ಯಾಯಗಳು ಬಂದು ಅಕ್ಕೋರ ದನಿಯ ಮೇಲೆ ಕೂರತೊಡಗಿದವು. ನಾನು ಜೋರಾಗಿ ತಿರುಗಿದೆ, ಬಿಸಿಯಾದೆ. ದಾವಲಸಾಬರು ಫ್ಯಾನನ್ನು ನನ್ನ ಕಡೆ ತಿರುಗಿಸಿ, ಪರದೆ ನೋಡಿ, "ನಾಕೂ ಕಡೆ ಒಂದ ಸಮ ಐತಿ," ಎಂದು ತೃಪ್ತಿಯಿಂದ ಚಹಾಕ್ಕೆ ಹೋದರು.

ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಅಂಬವ್ವ ಬಂದಳು.

"ದಾವಲಣ್ಣ, ಕಡೇ ಪಾಠಾನೂ ಮುಗೀತು. ಇನ್ನೊಮ್ಮೆ ಎಲ್ಲಾ ಹಾಕಿಕೊಡ್ರಿ."

ದಾವಲಸಾಬರು ಫೋಲ್ಡರ್ ತೆರೆದರು. ಉಳಿದ ಮೂರೂ ಕಡೆ ನೋಡಿದರು. ಎಲ್ಲಿಯೂ ಒಂದು ಪಾಠವೂ ಇರಲಿಲ್ಲ.

"ಯಾಕಣ್ಣ, ಏನಾತ್ರಿ?"

"ಮುಗಿಸಿದ ಪಾಠಾ ಏನ್ ಮಾಡಿದಿ, ತಂಗಿ?"

ಅವಳು ಹೇಳಿದಳು. ಹೇಳುತ್ತಿದ್ದಂತೆ ಅವಳಿಗೇ ಅರ್ಥವಾಯಿತು. ಮೇಜಿನ ಅಂಚನ್ನು ಹಿಡಿದುಕೊಂಡಳು. "ನನ್ನ ಕೈಯಾರ ಅಳಿಸೀನಿ. ಅಕ್ಕೋರ ದನೀನ ಅಳಿಸೀನಿ."

ದಾವಲಸಾಬರು ಅಳಿಸಿದ್ದನ್ನು ಹುಡುಕುವ ತಂತ್ರಾಂಶ ತಂದು ಎರಡು ದಿನ ನನ್ನ ಮೂಲೆಮೂಲೆ ಕೆದಕಿದರು. ನಾನು ಇದ್ದಬದ್ದದ್ದನ್ನೆಲ್ಲ ಕೊಟ್ಟೆ. ಇಪ್ಪತ್ಮೂರು ಪಾಠ ಎದ್ದವು. ಎಂಟರ ಮೇಲೆ ಕಾದಂಬರಿ ಕೂತಿತ್ತು. ಮೂರೂ ಕಂಪ್ಯೂಟರುಗಳಲ್ಲಿ ಹುಡುಕಿದರೂ ಆ ಎಂಟು ಸಿಗಲಿಲ್ಲ.

ಸುದ್ದಿ ತಿಳಿದು ಅಕ್ಕೋರು ಬಂದರು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದರು, ಕೈಯಲ್ಲಿ ಸ್ಲೇಟು. ಅದರ ಮೇಲೆ 'ಏನಾತು?' ಎಂದು ಬರೆದು ದಾವಲಸಾಬರ ಮುಂದೆ ಹಿಡಿದರು.

"ಅಕ್ಕೋರು ಬಂದಾರೇನ್ರಿ?" ಎಂದು ಅಂಬವ್ವ ಎದ್ದು ನಿಂತಳು. "ಅಕ್ಕೋರ, ಅದು ನಾ..."

"ಈ ಡಿಸ್ಕ್ ಕೈ ಕೊಟ್ಟೈತ್ರೀ, ಅಕ್ಕೋರ," ಎಂದರು ದಾವಲಸಾಬರು ನಡುವೆ ಬಾಯಿ ಹಾಕಿ. "ಹಳೇದು. ಯಾರೋ ಪುಕ್ಕಟೆ ಕೊಟ್ಟಿದ್ರು. ನಾನರ ನಂಬಬಾರದಿತ್ತು."

ಮನೆಪಾಠ ಮಾಡಿಕೊಂಡು ಬಾರದ ಮಗುವನ್ನು ನೋಡುವಂತೆ ಅಕ್ಕೋರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಅಂಬವ್ವನ ಪಕ್ಕದಲ್ಲಿ ಕೂತು, ಅವಳ ಎಡಗೈಯನ್ನು ಬಿಡಿಸಿ, ಅಂಗೈ ಮೇಲೆ ಬೆರಳಿನಿಂದ ನದಿಗಳನ್ನು ಎಳೆಯತೊಡಗಿದರು. ಅಂಬವ್ವ "ಕೃಷ್ಣಾ... ಇಲ್ಲಿ ಭೀಮಾ ಕೂಡತಾಳ್ರಿ," ಎನ್ನುತ್ತಿದ್ದಳು. ಕಣ್ಣೀರು ಒರೆಸಿಕೊಳ್ಳಲು ಅವಳು ಕೈ ಹಿಂದಕ್ಕೆ ಎಳೆದರೆ ಅಕ್ಕೋರು ಬಿಡುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಹೀಗೆ ಐದು ಪಾಠ ಆದವು. ಮೂರು ಆಗಲಿಲ್ಲ, ಅಕ್ಕೋರಿಗೆ ಶಕ್ತಿ ಸಾಲಲಿಲ್ಲ.

ಆಯ್ಕೆ ಪಟ್ಟಿ ಬಂದಾಗ ಅದರಲ್ಲಿ ಅಂಬವ್ವನ ಹೆಸರಿರಲಿಲ್ಲ. ಈಗ ಅವಳು ಇಲ್ಲೇ ರೆಕಾರ್ಡಿಂಗುಗಳನ್ನು ಕೇಳಿ ತಪ್ಪು ಹಿಡಿಯುವ ಕೆಲಸದಲ್ಲಿದ್ದಾಳೆ. ದಾವಲಸಾಬರು ಹಳೆಯ ಪ್ರತಿಗಳನ್ನು ಉಳಿಸುವ ತಂತ್ರಾಂಶ ಹಾಕಿಸಿ, ಎಲ್ಲವನ್ನೂ ಹೊಸ ಡಿಸ್ಕಿಗೆ ಸಾಗಿಸಿದ್ದಾರೆ. ಕೆಲಸ ಮುಗಿದೊಡನೆ ಅದರ ವಯರು ಕಿತ್ತು ಬೀರುವಿನಲ್ಲಿಡುತ್ತಾರೆ.

ನಾನು ಅದೇ ಬೀರುವಿನ ಮೇಲಿನ ಹಲಗೆಯಲ್ಲಿದ್ದೇನೆ, ನೆತ್ತಿಯ ಮೇಲೆ ದಾವಲಸಾಬರು ಅಂಟಿಸಿದ 'ಕೆಟ್ಟದ್ದು' ಎಂಬ ಚೀಟಿ. ನಾನು ಕೆಟ್ಟಿಲ್ಲ, ಇವತ್ತು ಸಿಕ್ಕಿಸಿದರೂ ತಿರುಗುತ್ತೇನೆ. ಆದರೆ ತಪ್ಪು ಹೊರಲು ಯಾರಾದರೂ ಬೇಕಿತ್ತು. ಮನುಷ್ಯರಿಗೆ ಅದು ಬಲು ಭಾರ, ನನ್ನಂಥವರಿಗೆ ಒಂದು ಚೀಟಿಯಷ್ಟೇ ತೂಕ.

ಡಿಸ್ಕ್ ಕೆಟ್ಟಿತ್ತೆಂದೇ ಇಂದಿಗೂ ನಂಬಿರುವ ಅಕ್ಕೋರು ಗುರುವಾರ ಗುರುವಾರ ಬರುತ್ತಾರೆ. ಅವರು ಬರುವ ಮೊದಲು ಅಂಬವ್ವ ಹಲಗೆಯ ಮೇಲೆ ಕೈಯಾಡಿಸಿ ನನ್ನನ್ನು ಹುಡುಕುತ್ತಾಳೆ. ಚೀಟಿಯ ಅಂಚು ಎದ್ದಿದ್ದರೆ ಹೆಬ್ಬೆರಳಿನಿಂದ ಒತ್ತಿ, ಮತ್ತೆ ಅಂಟಿಸಿ ಹೋಗುತ್ತಾಳೆ.