ಚಾಳೀಸಿಗೆ ಇನ್ನೂ ಹದಿನೆಂಟು ವರ್ಷ

ಕನ್ನಡಕದ ಗಾಜು ಉಜ್ಜುವ ಆ ಕಾರ್ಯಾಗಾರದಲ್ಲಿ ಅವಳನ್ನು ಎಲ್ಲರೂ ಪಿಟೀಲು ಎನ್ನುತ್ತಿದ್ದರು. ಸಾಣೆಯ ಚಕ್ರ ಕುಂಯ್ ಎಂದರೆ ಅದರ ಜೊತೆ ತಾನೂ ಸಣ್ಣಗೆ ಕುಂಯ್‌ಗುಟ್ಟುವುದು ಅವಳ ಅಭ್ಯಾಸ. ಆ ಹೆಸರಿಟ್ಟವರು ಮೇಸ್ತ್ರಿ. ಆದರೆ ಆ ಶುಕ್ರವಾರ ಬೆಳಗಿನಿಂದ ಪಿಟೀಲು ತುಟಿ ಪಿಟಕ್ಕೆನ್ನಲಿಲ್ಲ.

ಕಾರಣ ಅವಳ ಏಪ್ರನ್ ಜೇಬಿನಲ್ಲಿದ್ದ ಒಂದು ಕಾಗದ. ಕೆಲಸ ಕಾಯಂ ಆದವರೆಲ್ಲ ತಂತಾನೇ ಪಿಂಚಣಿ ಯೋಜನೆಗೆ ಸೇರಿದಂತೆ ಲೆಕ್ಕ. ಬೇಡ ಎನ್ನುವವರು ಹಾಗೆಂದು ಸಹಿ ಹಾಕಿ, ಶುಕ್ರವಾರ ಸಂಜೆ ಐದರೊಳಗೆ ಕೊಡಬೇಕು. ಸೇರಿದರೆ ಸಂಬಳದ ಇಪ್ಪತ್ತರಲ್ಲೊಂದು ಪಾಲು ಹಿಡಿಯುತ್ತಾರೆ, ಮಾಲೀಕರೂ ಅಷ್ಟೇ ಹಾಕುತ್ತಾರೆ, ಅರವತ್ತೈದಕ್ಕೆ ಕೈಗೆ ಬರತೊಡಗುತ್ತದೆ. ಪಿಟೀಲಿಗೆ ಈಗ ಇಪ್ಪತ್ತೆರಡು. ಬೇಡ ಎಂದು ಸಹಿ ಹಾಕಿ ಆಗಿತ್ತು. ಕೊಡುವುದೊಂದೇ ಬಾಕಿ.

ಅವಳ ಬಾಯಲ್ಲಿ ಬೇಡ ಎನ್ನಿಸಿದ್ದು ಒಂದು ಕೋಣೆಯ ಆಸೆ. ದರ್ಜಿ ಅಂಗಡಿಯ ಮೇಲೆ, ಬೀದಿಗೆ ತೆರೆಯುವ ಅಗಲವಾದ ಕಿಟಕಿ, ಗೋಡೆಯಲ್ಲೇ ಕಟ್ಟಿದ ಬೀರು. ಎರಡು ವರ್ಷದಿಂದ ಅವಳು ಅಕ್ಕನ ಮನೆಯ ಹಾಲ್‌ನಲ್ಲಿ ಮಡಚುವ ಮಂಚ ಹಾಕಿಕೊಂಡು ಮಲಗುತ್ತಿದ್ದಳು. ಭಾವನ ಟಿ.ವಿ. ಮಲಗದೆ ಅವಳು ಮಲಗುವಂತಿರಲಿಲ್ಲ. ಆ ಕೋಣೆಯ ಬಾಡಿಗೆ ಎಟಕುವಂತಿದ್ದದ್ದು ಪಿಂಚಣಿಗೆ ಹಿಡಿಯದಿದ್ದರೆ ಮಾತ್ರ. ಶನಿವಾರದವರೆಗೆ ಬೇರೆ ಯಾರಿಗೂ ಕೊಡುವುದಿಲ್ಲವೆಂದು ದರ್ಜಿಯ ಹೆಂಡತಿ ಮಾತು ಕೊಟ್ಟಿದ್ದಳು.

ಹಿಂದಿನ ದಿನ ಅಕ್ಕ ಒಗೆದ ಬಟ್ಟೆ ಮಡಚುತ್ತಾ, "ಅರವತ್ತೈದಂತೆ!" ಎಂದು ನಕ್ಕಿದ್ದಳು. "ಕೂಸು ಹುಟ್ಟೋ ಮೊದ್ಲೇ ಕುಲಾವಿ ಹೊಲಿಸಿದ ಹಾಗಾಯ್ತು. ಮೊದ್ಲು ನಿಂದು ಅಂತ ಒಂದು ಬಾಗಿಲಾಗ್ಲಿ."

"ನನ್ನ ಓಡಿಸೋಕೆ ಅಷ್ಟು ಅವಸರಾನಾ?"

"ಓಡಿಸೋದಲ್ಲ ಕಣೇ. ನಮ್ಮನೇಲಿ ನೀನು ಕೆಮ್ಮೋಕೂ ಅಪ್ಪಣೆ ಕೇಳೋ ಹಾಗಿರ್ತೀಯ. ನನಗೆ ನೋಡೋಕಾಗಲ್ಲ."

ಪಿಟೀಲು ಕಾಗದ ಹೊರತೆಗೆದು, ಅಲ್ಲೇ ಕೂತು ಸಹಿ ಹಾಕಿಬಿಟ್ಟಿದ್ದಳು.

ಆದರೂ ಮನಸ್ಸು ತಡೆಯದೆ, ಊಟದ ಬಿಡುವಿನಲ್ಲಿ ಮೇಸ್ತ್ರಿಯ ಪಕ್ಕ ಹೋಗಿ ಕೂತಳು. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿಯಾಗುವ ಮನುಷ್ಯ. ಮೇಸ್ತ್ರಿಯ ಮುಂದಾಲೋಚನೆಯೇ ಮುಂದಾಲೋಚನೆ ಎಂದು ಕಾರ್ಯಾಗಾರವೆಲ್ಲ ಕೊಂಡಾಡುತ್ತಿತ್ತು.

"ಮೇಸ್ತ್ರಿ, ನನ್ನ ವಯಸ್ಸಲ್ಲಿ ನೀವು ಏನು ಯೋಚನೆ ಮಾಡಿ ಪೆನ್ಷನ್‌ಗೆ ಸೇರಿದ್ರಿ?"

ಮೇಸ್ತ್ರಿ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಯೋಚನೇನಾ? ಯಾರ ಹತ್ರಾನೂ ಹೇಳ್ಬೇಡ. ನನಗೆ ಆ ಕಾಗದ ಓದೋಕೇ ಆಗ್ಲಿಲ್ಲ."

"ಓದು ಬರ್ತಿರ್ಲಿಲ್ವಾ?"

"ಓದು ಬರ್ತಿತ್ತಮ್ಮ, ಅಕ್ಷರ ಕಾಣ್ತಿರ್ಲಿಲ್ಲ! ಕನ್ನಡಕ ಮಾಡೋ ಕಡೆ ಸೇರ್ಕೊಂಡು ಕಣ್ಣು ಸರಿಯಿಲ್ಲ ಅಂದ್ರೆ ಮನೆಗೆ ಕಳಿಸ್ತಾರೆ ಅಂತ ಭಯ. ಊರಿಗೆಲ್ಲ ಗಾಜು ಉಜ್ಜಿ ಕೊಡ್ತಿದ್ದೆ, ನಾನು ಮಾತ್ರ ಕೈಯಲ್ಲಿ ತಡವಿ ಕೆಲಸ ಮಾಡ್ತಿದ್ದೆ. ಆಗೆಲ್ಲ ಸೇರೋರು ಸಹಿ ಹಾಕ್ಬೇಕಿತ್ತು. ಗುಮಾಸ್ತ ಬೆರಳಿಟ್ಟ ಕಡೆ ಹಾಕ್ದೆ. ಹೊಸ ಏಪ್ರನ್ ಕೊಡೋದಕ್ಕೆ ಅಂದ್ಕೊಂಡಿದ್ದೆ."

ಪಿಟೀಲಿಗೆ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ಮೇಸ್ತ್ರಿಯೇ ಅವಳ ತಲೆ ತಟ್ಟಿದರು.

"ಸಂಬಳ ಕಮ್ಮಿ ಬಂತು, ಏಪ್ರನ್ ಬರ್ಲಿಲ್ಲ. ಹೋಗಿ ಕೇಳಿದ್ರೆ 'ಓದಲಿಲ್ವೇನಯ್ಯಾ' ಅಂತಾರೆ. ಹತ್ತು ವರ್ಷ ಒಳಗೊಳಗೇ ಬೈಕೊಂಡೆ. ಈಗ ನೋಡು, ಎಲ್ಲರೂ ನನಗೆ ದೂರದೃಷ್ಟಿ ಅಂತಾರೆ. ದೂರದ್ದೇನೋ ಕಾಣ್ತಿತ್ತು, ಹತ್ತಿರದ್ದೇ ಕಾಣ್ತಿರ್ಲಿಲ್ಲ!"

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ?"

"ಆಯ್ತು. ಆದ್ರೆ ಆ ದುಡ್ಡಿಗೆ ಒಂದು ಸೈಕಲ್ ಬರ್ತಿತ್ತು. ವರ್ಷಗಟ್ಟಲೆ ನಡ್ಕೊಂಡೇ ಬಂದೆ. ಅದೂ ಸುಳ್ಳಲ್ಲ. ಅದಕ್ಕೇ ನನ್ನ ಬುದ್ಧಿ ಕೇಳ್ಬೇಡ. ನಿನಗೆ ಕಣ್ಣು ಚೆನ್ನಾಗಿದೆ, ಓದಿ ನೀನೇ ನೋಡ್ಕೋ."

ಇದೊಳ್ಳೆ ಉಪದೇಶ ಎಂದುಕೊಳ್ಳುತ್ತಾ ಪಿಟೀಲು ಮಧ್ಯಾಹ್ನ ಮುಂದಿನ ಕೌಂಟರಿಗೆ ಹೋದಳು. ಬಾಗಿಲಷ್ಟು ಅಗಲದ ಒಬ್ಬ ಲಾರಿ ಚಾಲಕ ಬಂದು, ಕಣ್ಣಿನ ಡಾಕ್ಟರ ಚೀಟಿಯನ್ನು ಕೈ ಚಾಚಿದಷ್ಟು ದೂರ ಹಿಡಿದು ನಿಂತ.

"ಈಗೀಗ ಅಕ್ಷರಾನೇ ಸಣ್ಣ ಮಾಡ್ಬಿಟ್ಟಿದ್ದಾರಮ್ಮ, ಕಾಗದ ಉಳಿಸೋಕೆ."

"ವಯಸ್ಸೆಷ್ಟಣ್ಣ?"

"ನಲವತ್ತೆರಡು. ಆದ್ರೆ ಇದು ವಯಸ್ಸಿಂದಲ್ಲ. ನಂದು ಹದ್ದಿನ ಕಣ್ಣು."

ಪಿಟೀಲು ನಗು ನುಂಗಿಕೊಂಡು ನಂಬರು ಬರೆದುಕೊಂಡಳು. ನಲವತ್ತರ ಸುಮಾರಿಗೆ ಹತ್ತಿರದ್ದು ಮಸುಕಾಗುವುದಕ್ಕೆ ಚಾಳೀಸು ಎನ್ನುತ್ತಾರೆ. ಎರಡು ವರ್ಷದಲ್ಲಿ ಅಕ್ಷರ ಸಣ್ಣದಾಯಿತೆಂಬ ಈ ಮಾತನ್ನು ಅವಳು ಟೀಚರ ಬಾಯಲ್ಲಿ, ನರ್ಸಿನ ಬಾಯಲ್ಲಿ, ಈಜು ಕಲಿಸುವವನ ಬಾಯಲ್ಲೂ ಕೇಳಿದ್ದಳು. ಒಬ್ಬೊಬ್ಬರೂ ಲೋಕದಲ್ಲಿ ತಮಗೊಬ್ಬರಿಗೇ ಹೀಗಾಗಿದೆ ಎಂಬಂತೆ ಬರುತ್ತಿದ್ದರು. ಅವಳು ಹಿಂದಿನ ಪುಟಗಳನ್ನು ತಿರುವಿದಳು. ನಲವತ್ತೊಂದು, ನಲವತ್ತಮೂರು, ನಲವತ್ತು. ಇಷ್ಟು ಜನರಲ್ಲಿ ಯಾರಿಗಾದರೂ ಚಾಳೀಸು ದಾರಿ ತಪ್ಪಿತ್ತೇ? ಬೇಗನೋ ತಡವೋ, ಎಲ್ಲರ ಮನೆಯನ್ನೂ ಹುಡುಕಿಕೊಂಡು ಬಂದಿತ್ತು.

ತನಗೆ ಇನ್ನು ಹದಿನೆಂಟು ವರ್ಷ. ಆಗ ತಾನೂ ಯಾವುದೋ ಕೌಂಟರಿನ ಮುಂದೆ ಕೈ ಚಾಚಿ ನಿಂತು, ಯಾರೋ ಹುಡುಗಿಗೆ ಅಕ್ಷರ ಸಣ್ಣದಾಯಿತು ಎನ್ನುತ್ತೇನೆ. ಅಲ್ಲಿಂದಾಚೆಗೆ ಅರವತ್ತೈದೂ ಹೀಗೇ ಬರುತ್ತದೆ. ಇಷ್ಟು ಹೊತ್ತು ಚಾಲಕನನ್ನು ನೋಡಿ ನಗು ನುಂಗಿದವಳ ಜೇಬಿನಲ್ಲಿದ್ದದ್ದೂ ಅವನದೇ ಮಾತು, ನನಗೆ ವಯಸ್ಸಾಗುವುದಿಲ್ಲ ಎಂಬುದು, ಸಹಿ ಸಮೇತ.

ಐದಕ್ಕೆ ಹತ್ತು ನಿಮಿಷವಿದ್ದಾಗ, ಸಂಬಳ ಬಟವಾಡೆ ಮಾಡುವ, ಎಲ್ಲರೂ ಲೆಕ್ಕದಕ್ಕ ಎನ್ನುವ ಹೆಂಗಸಿನ ಮೇಜಿನ ಮುಂದೆ ನಿಂತಳು.

"ಅಕ್ಕಾ, ಈಗ ಬೇಡ ಅಂದು ಮುಂದಿನ ವರ್ಷ ಸೇರಬಹುದಾ?"

"ಧಾರಾಳವಾಗಿ. ಹಾಗಂದು ಹೋದೋರು ಹನ್ನೊಂದು ಜನ. ಅವರ ದಾರಿ ನೋಡಿ ನೋಡಿ ನನ್ನ ಕಣ್ಣಿಗೂ ಚಾಳೀಸು ಬಂತು."

ಪಿಟೀಲು ಕಾಗದವನ್ನು ನಾಲ್ಕಾಗಿ ಹರಿದು ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದಳು. ನೆಮ್ಮದಿಯೇನೂ ಆಗಲಿಲ್ಲ. ಕಣ್ಣ ಮುಂದೆ ಆ ಅಗಲವಾದ ಕಿಟಕಿಯೇ ನಿಂತಿತ್ತು.

ದಾರಿಯಲ್ಲಿ ದರ್ಜಿ ಅಂಗಡಿಗೆ ಹೋಗಿ, ಕೋಣೆ ಬೇರೆಯವರಿಗೆ ಕೊಡಿ, ನನಗೆ ಎಟಕುವುದಿಲ್ಲ ಎಂದಳು. ಎಷ್ಟು ಕಡಿಮೆ ಬೀಳುತ್ತದೆ ಎಂದು ದರ್ಜಿಯ ಹೆಂಡತಿ ಕೇಳಿದಳು. ಇವಳು ಹೇಳಿದಳು.

"ಅಷ್ಟು ಬಿಟ್ರೆ ನನ್ನ ಗಂಡ ನನ್ನನ್ನೇ ಬಿಡ್ತಾನೆ. ಹಿಂದ್ಗಡೆ ಒಂದಿದೆ, ಬಟ್ಟೆ ಚೂರಿನ ಮೂಟೆ ತುಂಬಿದ್ದೀವಿ. ಸೂರು ತಗ್ಗು. ಕಿಟಕಿ ತೆಗೆದ್ರೆ ಪಕ್ಕದ ಮನೆ ಗೋಡೆ. ಬಾಡಿಗೆ ಮುಕ್ಕಾಲು ಪಾಲು. ನೋಡ್ತೀಯಾ?"

ನೋಡಿದಳು. ಚೆನ್ನಾಗಿರಲಿಲ್ಲ. ಮಂಚ ಹಿಡಿಯುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ಮುಂಗಡ ಕೊಟ್ಟು ಬಂದಳು.

ಭಾನುವಾರ ಅಕ್ಕ ಪೊರಕೆ ಹಿಡಿದುಕೊಂಡು ಬಂದಳು. ಒಳಗೆ ಕಾಲಿಡುತ್ತಲೇ ತೊಲೆಗೆ ಹಣೆ ಬಡಿಯಿತು.

"ಅಯ್ಯೋ! ಇದೇನೇ ಇದು, ಕೋಣೇನಾ ಗೂಡಾ?"

"ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಬಿಡಕ್ಕ."

"ಗಾಜಿನಂಗಡಿ ಸೇರಿ ಗಾದೆ ಬೇರೆ ಕಲ್ತಿದ್ದೀಯ," ಎಂದು ಅಕ್ಕ ಹಣೆ ಉಜ್ಜಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿ, ಮೂಟೆಯೊಂದರ ಕಿವಿ ಹಿಡಿದಳು. "ಆ ಕಡೆ ಹಿಡಿ. ಬಗ್ಗಿ ಹಿಡಿ, ತಲೆ ಜೋಪಾನ."